ಉತ್ತರ ಬೆಂಗಳೂರಿನ ಡಿಜಿಟಲ್ ಗ್ರಂಥಾಲಯಗಳು

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹಿಡಿದು ಹೆಬ್ಬಾಳ, ಜಕ್ಕೂರು, ಯಲಹಂಕ, ಹೆಸರಘಟ್ಟದ ತನಕ ಇರುವ ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ತಮ್ಮಲ್ಲಿ ಹುಟ್ಟಿದ ಮಹಾಪ್ರಬಂಧ, ಸಂಶೋಧನಾ ವರದಿ, ಪತ್ರಿಕಾ ಲೇಖನ, ಉಪನ್ಯಾಸದ ವಿಡಿಯೊ, ಹಳೆಯ ಕಾಗದಪತ್ರಗಳನ್ನು ಕೂಡಿಟ್ಟು ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಭಂಡಾರಗಳಿವು. ಒಂದೇ ಛಾವಣಿ, ಒಂದೇ ಪಟ್ಟಿ, ಒಂದೇ ಕೀಲಿಕೈ ಇರುವ ಗ್ರಂಥಾಲಯ ಇದಲ್ಲ. ಕೆಲವು ಭಂಡಾರಗಳ ಕಡತಗಳು ಸಂಸ್ಥೆಯ ಆವರಣದಲ್ಲೇ ಇವೆ, ಕೆಲವು ದೆಹಲಿಯಲ್ಲೋ ಗಾಂಧಿನಗರದಲ್ಲೋ ಇವೆ, ವಿಡಿಯೊಗಳಂತೂ ಬಹುಮಟ್ಟಿಗೆ ಯೂಟ್ಯೂಬಿನಲ್ಲಿವೆ. ಆದರೂ ಇವನ್ನು ಒಟ್ಟಿಗೆ ನೋಡುವುದಕ್ಕೆ ಕಾರಣವಿದೆ. ಕರ್ನಾಟಕದ ಮಣ್ಣು, ಬೆಳೆ, ಕೀಟ, ಜಾನುವಾರುಗಳ ಬಗ್ಗೆ ನೂರಿಪ್ಪತ್ತು ವರ್ಷಗಳಿಂದ ನಡೆದ ಬರವಣಿಗೆಯ ದೊಡ್ಡ ಪಾಲು ಈ ಹತ್ತಿಪ್ಪತ್ತು ಕಿಲೋಮೀಟರಿನೊಳಗೆ ಹುಟ್ಟಿದ್ದು. ಅದು ಸಿಗುತ್ತದೆಯೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಅದನ್ನು ಯಾವ ಹೆಸರಿನಲ್ಲಿ ಬರೆದಿಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ಇಲ್ಲೇ ಏಕೆ

1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಹೆಬ್ಬಾಳದಲ್ಲಿ ಮೂವತ್ತು ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆ ಕೊಟ್ಟರು. ಲೇಮನ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿ ಕೆಲಸ ಶುರುಮಾಡಿದ. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮುಂದೆ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕನಾಗಿ 1934ರವರೆಗೆ ಇದ್ದ. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಆರಂಭವಾದದ್ದು ಅವನ ಕಾಲದಲ್ಲಿ. ಆ ಶಾಲೆಯ ಜಾಗದಲ್ಲಿ 1946ರಲ್ಲಿ ಕೃಷಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು, ಅದು ಬೆಳೆದು ಬಳ್ಳಾರಿ ರಸ್ತೆಯಲ್ಲಿ ಇನ್ನಷ್ಟು ಮೇಲಕ್ಕೆ ಸುಮಾರು 1,300 ಎಕರೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ, ಜನರ ಬಾಯಲ್ಲಿ ಜಿಕೆವಿಕೆಗೆ, ಹರಡಿಕೊಂಡಿತು. ಅತ್ತ ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಹಳಬರಿಗೆ ಅದು ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’. ಮೇಖ್ರಿ ಸರ್ಕಲ್ಲಿನ ಬಳಿ ಸಿ. ವಿ. ರಾಮನ್ 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಕಟ್ಟಿದರು. ಅವರೇ 1934ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿ ಅದರ ನೆರೆಯಲ್ಲೇ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರದು. ಜಿಕೆವಿಕೆಯ ಆವರಣದಲ್ಲೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ ಆವರಣ 2015ರಲ್ಲಿ ಉದ್ಘಾಟನೆಯಾಯಿತು.

ಊರಿನ ಹೊರಗೆ ಜಮೀನು ಅಗ್ಗವಿತ್ತು, ಇಲ್ಲವೇ ಅರಸರು ಕೊಡುತ್ತಿದ್ದರು. ಸಂಸ್ಥೆಗಳ ಈ ಸಾಲಿಗೆ ಕಾರಣ ಅಷ್ಟೇ. ಊರು ಆಮೇಲೆ ಬಂದು ಸುತ್ತುವರಿಯಿತು.

ಲೇಖನಗಳು

ಭಾರತದಲ್ಲಿ ಒಂದು ಸಂಸ್ಥೆ ತನ್ನವರ ಸಂಶೋಧನಾ ಲೇಖನಗಳನ್ನೆಲ್ಲ ಕೂಡಿಸಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟ ಮೊದಲ ಪ್ರಯತ್ನ ನಡೆದದ್ದು ವಿಜ್ಞಾನ ಸಂಸ್ಥೆಯಲ್ಲಿ, 2002ರಲ್ಲಿ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದ ಟಿ. ಬಿ. ರಾಜಶೇಖರ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ‘ಇಪ್ರಿಂಟ್ಸ್’ ಎಂಬ ಮುಕ್ತ ತಂತ್ರಾಂಶವನ್ನು ಹೊಂದಿಸಿ ಈ ಭಂಡಾರ ಕಟ್ಟಿದರು. ಮುಕ್ತ ಪ್ರವೇಶದ ಬಗ್ಗೆ ಬುಡಾಪೆಸ್ಟ್ ಘೋಷಣೆ ಹೊರಟದ್ದೂ ಅದೇ ವರ್ಷದ ಫೆಬ್ರವರಿಯಲ್ಲಿ. ಅಂದರೆ ಜಗತ್ತು ಈ ಮಾತನ್ನು ಆಡತೊಡಗಿದ ಹೊತ್ತಿಗೆ ಯಶವಂತಪುರದ ಕಡೆ ಕೆಲಸವೂ ಶುರುವಾಗಿತ್ತು. ನಮ್ಮಲ್ಲಿ ಹೀಗಾಗುವುದು ಕಡಿಮೆ, ಆದ್ದರಿಂದ ಹೇಳಿಡಬೇಕು.

ವಿಜ್ಞಾನ ಅಕಾಡೆಮಿಯದು ಬೇರೆ ಹಾದಿ. ತನ್ನದೇ ಪತ್ರಿಕೆಗಳನ್ನು ಅದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ತೆರೆಯಿತು. ತನ್ನ ಸದಸ್ಯರ ಪ್ರಕಟಣೆಗಳಿಗೆ ಪ್ರತ್ಯೇಕ ಭಂಡಾರ ಮಾಡಿತು. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮನೆಯಲ್ಲೇ ಕೂತು ತಿರುವಬಹುದು. ರಾಮನ್ ಸಂಶೋಧನಾಲಯದ ಭಂಡಾರದಲ್ಲಿ ರಾಮನ್ನರ ಪ್ರಬಂಧಗಳಿವೆ. ಕೃಷಿ ವಿಶ್ವವಿದ್ಯಾಲಯದ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ 1967ರಿಂದ ಬರುತ್ತಿರುವ ತ್ರೈಮಾಸಿಕ. ಕರ್ನಾಟಕ ಎಂದು ನಾಡಿನ ಹೆಸರು ಬದಲಾದ ಮೇಲೂ ‘ಮೈಸೂರು’ ಉಳಿಸಿಕೊಂಡ ಪತ್ರಿಕೆ ಅದು.

ಮಹಾಪ್ರಬಂಧಗಳು

ಎಂಎಸ್‌ಸಿ, ಪಿಎಚ್‌ಡಿ ಪದವಿಗೆ ಬರೆದ ಪ್ರಬಂಧ ಬಹುಕಾಲ ಮೂರು ನಾಲ್ಕು ಪ್ರತಿಗಳ ಪುಸ್ತಕವಾಗಿಯೇ ಉಳಿದಿತ್ತು. ಒಂದು ಗೈಡಿನ ಕಪಾಟಿಗೆ, ಒಂದು ವಿಭಾಗಕ್ಕೆ, ಒಂದು ಗ್ರಂಥಾಲಯಕ್ಕೆ, ಒಂದು ಬರೆದವರ ಮನೆಗೆ. 1970ರ ದಶಕದ ಒಂದು ಕೃಷಿ ಪ್ರಬಂಧವನ್ನು ಕೈಗೆ ತೆಗೆದುಕೊಂಡರೆ ಅದರ ಕಾಲ ಕಾಣುತ್ತದೆ: ಬೆರಳಚ್ಚಿನ ಹಾಳೆ, ಯಂತ್ರದಲ್ಲಿ ಇಲ್ಲದ ಗ್ರೀಕ್ ಅಕ್ಷರಗಳನ್ನು ಶಾಯಿಯಲ್ಲಿ ಕೈಯಿಂದಲೇ ತುಂಬಿರುವುದು, ಗ್ರಾಫ್ ಹಾಳೆಯ ಮೇಲೆ ಕಪ್ಪು ಇಂಡಿಯನ್ ಇಂಕಿನ ಗೆರೆ, ಗೋಂದು ಹಚ್ಚಿ ಅಂಟಿಸಿದ ಕಪ್ಪುಬಿಳುಪು ಫೋಟೊ. ಗೋಂದು ಒಣಗಿ ಫೋಟೊ ಉದುರಿಹೋದ ಕಡೆ ಹಾಳೆಯಲ್ಲಿ ಕಂದು ಬಣ್ಣದ ಚೌಕ ಉಳಿದಿರುತ್ತದೆ, ಕೆಳಗೆ ‘ರೋಗ ತಗುಲಿದ ತೆನೆ’ ಎಂಬರ್ಥದ ಒಂದು ಸಾಲು. ಇಂಥದ್ದನ್ನು ಸ್ಕ್ಯಾನ್ ಮಾಡಿದರೆ ಜಗತ್ತಿಗೆ ಸಿಗುವುದೂ ಆ ಖಾಲಿ ಚೌಕವೇ.

ಈಗ ಕೃಷಿ ಪ್ರಬಂಧಗಳ ಮುಖ್ಯ ನೆಲೆ ‘ಕೃಷಿಕೋಶ’. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಯೋಜನೆಯಡಿ ‘ಇ-ಗ್ರಂಥ’ ಎಂಬ ಹೆಸರಿನಲ್ಲಿ ಶುರುವಾದ ಕೆಲಸದಿಂದ ಹುಟ್ಟಿದ ಇದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ನೋಡಿಕೊಳ್ಳುತ್ತದೆ. ದೇಶದ ಕೃಷಿ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಪ್ರಬಂಧಗಳನ್ನು ಅದಕ್ಕೆ ತುಂಬುತ್ತವೆ. ಪರಿಷತ್ತು 2013ರಲ್ಲಿ ಮುಕ್ತ ಪ್ರವೇಶ ನೀತಿ ತಂದ ಮೇಲೆ ಇದಕ್ಕೆ ಬಲ ಬಂತು. ಉಳಿದ ವಿಷಯಗಳ ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮ ಅದಕ್ಕೆ ತಳಹದಿ. ಯಲಹಂಕದ ಆಸುಪಾಸಿನ ಖಾಸಗಿ ವಿಶ್ವವಿದ್ಯಾಲಯಗಳ ಪಿಎಚ್‌ಡಿಗಳನ್ನು ಹುಡುಕುವವರು ಅಲ್ಲಿಗೇ ಹೋಗಬೇಕು. ವಿಜ್ಞಾನ ಸಂಸ್ಥೆ ತನ್ನ ಪ್ರಬಂಧಗಳಿಗೆ ಬೇರೆಯೇ ಭಂಡಾರ ಇಟ್ಟುಕೊಂಡಿದೆ.

ಇಲ್ಲಿ ಹುಡುಕುವವರು ಎಡವುವ ಜಾಗ ಒಂದಿದೆ. ಪ್ರಬಂಧ ಎಲ್ಲಿ ಬರೆದದ್ದು ಎಂಬುದು ಒಂದು, ಪದವಿ ಯಾರು ಕೊಟ್ಟರು ಎಂಬುದು ಇನ್ನೊಂದು. ಭಂಡಾರ ನೋಡುವುದು ಎರಡನೆಯದನ್ನು. 1958ರಲ್ಲಿ ಪರಿಭಾವಿತ ವಿಶ್ವವಿದ್ಯಾಲಯದ ಸ್ಥಾನ ಸಿಗುವವರೆಗೆ ವಿಜ್ಞಾನ ಸಂಸ್ಥೆ ತಾನೇ ಪಿಎಚ್‌ಡಿ ಕೊಡುತ್ತಿರಲಿಲ್ಲ. ರಾಮನ್ ಸಂಶೋಧನಾಲಯದಲ್ಲಿ ದುಡಿದವರ ಪ್ರಬಂಧದ ಮೇಲೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಹೆಸರು ಕಾಣಬಹುದು. ಜಿಕೆವಿಕೆಯ ಒಳಗೇ ಇರುವ ಜೀವವಿಜ್ಞಾನ ಕೇಂದ್ರದ ಪದವಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. ಒಂದೇ ಗೇಟಿನಿಂದ ಒಳಗೆ ಹೋಗುವ ಇಬ್ಬರು ವಿದ್ಯಾರ್ಥಿಗಳ ಪ್ರಬಂಧಗಳು ಎರಡು ಬೇರೆ ಬೇರೆ ಊರಿನ ಲೆಕ್ಕಕ್ಕೆ ಸೇರುತ್ತವೆ.

ಕೃಷಿಯಲ್ಲಿ ಈ ಗೋಜಲು ಇನ್ನೂ ಹೆಚ್ಚು. ಆಸ್ತಿ ಪಾಲಾದ ಹಾಗೆ ವಿಶ್ವವಿದ್ಯಾಲಯ ಪಾಲಾಗುತ್ತ ಬಂದಿದೆ. 1986ರವರೆಗೆ ಧಾರವಾಡದ ಕೃಷಿ ಕಾಲೇಜೂ ಬೆಂಗಳೂರಿನ ವಿಶ್ವವಿದ್ಯಾಲಯದ ಕೆಳಗೇ ಇತ್ತು. ಆಗ ಧಾರವಾಡದಲ್ಲಿ ಜೋಳದ ಮೇಲೋ ಹತ್ತಿಯ ಮೇಲೋ ಬರೆದ ಪ್ರಬಂಧದ ಮುಖಪುಟದಲ್ಲಿ ಬೆಂಗಳೂರಿನ ಹೆಸರಿದೆ. ಆಮೇಲೆ ಧಾರವಾಡ ಬೇರೆಯಾಯಿತು, ಅದರಿಂದ ರಾಯಚೂರು ಒಡೆಯಿತು, ತೋಟಗಾರಿಕೆಗೆ ಬಾಗಲಕೋಟೆ ಬಂತು, ಮಲೆನಾಡಿಗೆ ಶಿವಮೊಗ್ಗ ಬಂತು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಿಂದ ಅಲ್ಲೇ ಇದೆ, ಕಟ್ಟಡ ಕದಲಿಲ್ಲ. ಆದರೆ ಅದು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆರ್.ಟಿ. ನಗರದಿಂದ ನಡೆದುಹೋಗಬಹುದಾದ ದೂರದಲ್ಲಿ ಹಳ್ಳಿಕಾರ್ ಹೋರಿಗಳ ಮೇಲೆ ಬರೆದ ಒಂದು ಪ್ರಬಂಧ, ಬರೆದ ವರ್ಷ ಯಾವುದೆಂಬುದರ ಮೇಲೆ, ಬೆಂಗಳೂರಿನ ಹೆಸರಿನಲ್ಲಿರಬಹುದು ಅಥವಾ ಬೀದರಿನ ಹೆಸರಿನಲ್ಲಿರಬಹುದು.

ವರದಿಗಳು, ಮತ್ತು ಒಂದು ರೋಗದ ಹೆಸರು

ಸಂಶೋಧನಾ ವರದಿ ಎಂದರೆ ಪ್ರಬಂಧದ ಹಾಗೆ ಒಬ್ಬರ ಹೆಸರು ಹೊತ್ತು ಬರುವಂಥದ್ದಲ್ಲ. ವರ್ಷಕ್ಕೊಮ್ಮೆ ಬರುವ ಪ್ರಾಯೋಜನೆಯ ವರದಿ, ತಳಿ ಪರೀಕ್ಷೆಯ ಕೋಷ್ಟಕ, ಸಮೀಕ್ಷೆ, ಬುಲೆಟಿನ್, ರೈತರಿಗೆ ಕೊಡುವ ಬೇಸಾಯ ಕ್ರಮದ ಕೈಪಿಡಿ ಎಲ್ಲ ಇದರಲ್ಲಿ ಬರುತ್ತವೆ. ಓದಲು ಒಣ. ಆದರೆ ಬೆಲೆ ಇರುವುದು ಇವುಗಳಿಗೇ ಎಂಬುದು ಈ ಲೇಖಕನ ಅಭಿಪ್ರಾಯ, ಏಕೆಂದರೆ ಬೇರೆಲ್ಲೂ ಪ್ರಕಟವಾಗದ ಅಂಕಿಗಳು ಇವುಗಳಲ್ಲೇ ಇರುತ್ತವೆ. ಜಿಕೆವಿಕೆಯ ಕೆಂಪು ಮಣ್ಣಿನಲ್ಲಿ 1986ರಿಂದ ಒಂದೇ ಜಾಗದಲ್ಲಿ ರಾಗಿ, ಆಮೇಲೆ ಮುಸುಕಿನ ಜೋಳ, ಮತ್ತೆ ರಾಗಿ ಎಂದು ಬೆಳೆಯುತ್ತ ಬಂದಿರುವ ದೀರ್ಘಾವಧಿ ಗೊಬ್ಬರ ಪ್ರಯೋಗವನ್ನೇ ತೆಗೆದುಕೊಳ್ಳಿ. ಬರೀ ಸಾರಜನಕ ಹಾಕಿದ ಪಾತಿಯಲ್ಲಿ ಮಣ್ಣು ವರ್ಷವರ್ಷಕ್ಕೆ ಹುಳಿಯಾಗುತ್ತ ಹೋಗಿ ಇಳುವರಿ ಕುಸಿಯಿತು; ರಾಸಾಯನಿಕ ಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರ, ಸುಣ್ಣ ಹಾಕಿದಲ್ಲಿ ಬೆಳೆ ನಿಂತಿತು. ‘ತಿಪ್ಪೆಗೊಬ್ಬರ ಇಲ್ಲದೆ ಹೊಲ ಇಲ್ಲ’ ಎನ್ನುವ ರೈತನ ಮಾತಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಇಲ್ಲಿ ಪ್ರತಿ ವರ್ಷದ ಕ್ವಿಂಟಾಲ್ ಲೆಕ್ಕ ಇದೆ. ಆದರೆ ಈ ಸರಣಿಯಲ್ಲಿ ನಡುವಿನ ಮೂರು ವರ್ಷದ ವರದಿ ಸಿಗದಿದ್ದರೆ ಉಳಿದವುಗಳ ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ.

ರಾಗಿಯ ಕತೆಯೂ ಹೀಗೆಯೇ ವರದಿಗಳಲ್ಲಿ ಚದುರಿದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳಿಗೆ ‘ಇಂಡಾಫ್’ ಎಂದು ಹೆಸರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಆಮೇಲೆ ಜಿಕೆವಿಕೆಯಿಂದ ಬಂದ ಜಿಪಿಯು-28 ಬೆಂಕಿ ರೋಗವನ್ನು ತಡೆದು ನಿಲ್ಲುವ ತಳಿ ಎಂದು ದಕ್ಷಿಣ ಕರ್ನಾಟಕದ ಹೊಲಗಳನ್ನು ಹಿಡಿಯಿತು. ಈಗ ದೊಡ್ಡಬಳ್ಳಾಪುರದ ಒಬ್ಬ ಹುಡುಗ ಭಂಡಾರದ ಹುಡುಕುಪೆಟ್ಟಿಗೆಯಲ್ಲಿ ‘ಬೆಂಕಿ ರೋಗ’ ಎಂದು ಬರೆದರೆ ಏನು ಸಿಗುತ್ತದೆ? ಬಹುಶಃ ಏನೂ ಇಲ್ಲ. ಇಂಗ್ಲಿಷಿನಲ್ಲಿ ‘ಬ್ಲಾಸ್ಟ್’ ಎಂದರೆ ಒಂದಷ್ಟು, ಶಿಲೀಂಧ್ರದ ಲ್ಯಾಟಿನ್ ಹೆಸರು ‘ಪಿರಿಕ್ಯುಲೇರಿಯ’ ಎಂದರೆ ಇನ್ನೊಂದಷ್ಟು. ಆ ಹೆಸರೂ ಕಾಲಕಾಲಕ್ಕೆ ಬದಲಾಗಿದೆ, ಕಾಗುಣಿತವೂ ಒಂದೇ ರೀತಿ ಇಲ್ಲ. ಹೊಲದಲ್ಲಿರುವ ರೋಗ ಒಂದು, ಪಟ್ಟಿಯಲ್ಲಿ ನಾಲ್ಕು.

ಇದಕ್ಕೆ ತೀರ ಉಲ್ಟಾ ಆದದ್ದೂ ಉಂಟು. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಎಳೆ ಕಾಯಿ ಕೊಳೆತು ಉದುರುವುದಕ್ಕೆ ಕೊಳೆರೋಗ ಎನ್ನುತ್ತಾರೆ. ಅಡಿಕೆ ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆನೀರು ತಾಗದ ಹಾಗೆ ಕಾಯುವುದು ಹಳೆಯ ಕ್ರಮ. ಕೋಲ್ಮನ್ ಮೈಸೂರಿಗೆ ಬಂದ ಹೊಸದರಲ್ಲಿ ಇದರ ಬೆನ್ನುಹತ್ತಿ, ರೋಗಕ್ಕೆ ಕಾರಣ ಫೈಟಾಫ್ತೊರಾ ಜಾತಿಯ ಶಿಲೀಂಧ್ರ ಎಂದು ತೋರಿಸಿ, ಬೋರ್ಡೊ ದ್ರಾವಣ ಸಿಂಪಡಿಸಿದರೆ ತಡೆಯಬಹುದೆಂದು ಹೇಳಿದ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರು ನೀರು: ಇವತ್ತಿಗೂ ಜೂನ್ ತಿಂಗಳ ಮೊದಲ ವಾರದಲ್ಲಿ ತೀರ್ಥಹಳ್ಳಿ, ಶಿರಸಿ, ಸುಳ್ಯದ ತೋಟಗಳಲ್ಲಿ ಕೊನೆಗಾರರು ಮರ ಹತ್ತಿ ಹೊಡೆಯುವುದು ಇದನ್ನೇ. ಕೋಲ್ಮನ್ ತನ್ನ ವರದಿಯನ್ನು 1910ರಲ್ಲಿ ಇಂಗ್ಲಿಷಿನಲ್ಲಿ ಬರೆದ, ಆದರೆ ತಲೆಬರಹದಲ್ಲಿ ರೋಗದ ಹೆಸರನ್ನು ಭಾಷಾಂತರಿಸಲಿಲ್ಲ. ‘ಕೊಳೆರೋಗ’ ಎಂದೇ ರೋಮನ್ ಅಕ್ಷರದಲ್ಲಿ ಬಿಟ್ಟ. ಬರ್ಲಿನ್ನಿನಿಂದ ಹೊರಡುತ್ತಿದ್ದ ಶಿಲೀಂಧ್ರಶಾಸ್ತ್ರದ ಪತ್ರಿಕೆಯಲ್ಲೂ ಅದೇ ವರ್ಷ ಅದೇ ಹೆಸರಿನಲ್ಲಿ ಲೇಖನ ಬಂತು. ಹಾಗಾಗಿ ಇಂದು ಜಗತ್ತಿನ ಯಾವ ಭಂಡಾರದಲ್ಲಿ ಆ ನಮ್ಮ ಪದವನ್ನು ಬರೆದು ಹುಡುಕಿದರೂ ಕೋಲ್ಮನ್ ಎದುರಿಗೆ ಬಂದು ನಿಲ್ಲುತ್ತಾನೆ.

ಜೊತೆಗೆ ಇನ್ನೊಬ್ಬನೂ ಬರುತ್ತಾನೆ. ಅದಕ್ಕೂ ಮೂವತ್ತನಾಲ್ಕು ವರ್ಷ ಮೊದಲು, 1876ರಲ್ಲಿ, ಮೈಸೂರು ಸೀಮೆಯ ಕಾಫಿ ಗಿಡದ ಎಲೆ ಕೊಳೆಯುವ ರೋಗಕ್ಕೆ ಕಾರಣವಾದ ಬೇರೆಯೇ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬುವನು ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟಿದ್ದ. ತೋಟದ ಕನ್ನಡ ಹೀಗೆ ಲ್ಯಾಟಿನ್ ಹೆಸರಿನ ಬಾಲವಾಯಿತು. ರೋಮನ್ ಲಿಪಿಯಲ್ಲಿ ಳಕಾರಕ್ಕೆ ಜಾಗವಿಲ್ಲದ್ದರಿಂದ ಓದುವವರು ಅದನ್ನು ‘ಕೊಲೆರೋಗ’ ಎಂದೂ ಓದುತ್ತಾರೆ, ಕಾಫಿ ಬೆಳೆಗಾರರು ಅದಕ್ಕೆ ಆಕ್ಷೇಪಿಸಲಾರರು. ಅಡಿಕೆಯ ಕೊಳೆರೋಗ ಹುಡುಕುವವನಿಗೆ ಕಾಫಿಯದೂ, ಕಾಫಿಯದು ಬೇಕಾದವನಿಗೆ ಅಡಿಕೆಯದೂ ಬಲೆಗೆ ಬೀಳುತ್ತವೆ.

ಪಟ್ಟಿಯ ಒಳಗೆ

ಭಂಡಾರದಲ್ಲಿ ಕಡತಕ್ಕಿಂತ ಕಡತದ ಮೇಲಿನ ಚೀಟಿ ಮುಖ್ಯ. ಗ್ರಂಥಾಲಯದವರು ಇದನ್ನು ಮೆಟಾಡೇಟಾ ಎನ್ನುತ್ತಾರೆ: ಲೇಖಕ, ಶೀರ್ಷಿಕೆ, ವರ್ಷ, ವಿಷಯ, ಭಾಷೆ, ಹಕ್ಕು ಇತ್ಯಾದಿ. ಬಹುತೇಕ ಭಂಡಾರಗಳು ಬಳಸುವ ‘ಡಬ್ಲಿನ್ ಕೋರ್’ ಎಂಬ ಮಾದರಿಯಲ್ಲಿ ಇಂಥ 15 ಮನೆಗಳಿವೆ. ಇದು ಐರ್ಲೆಂಡಿನ ಡಬ್ಲಿನ್ ಅಲ್ಲ. 1995ರಲ್ಲಿ ಸಭೆ ನಡೆದ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್. ಎಲ್ಲರೂ ಒಂದೇ ಮಾದರಿಯಲ್ಲಿ ಚೀಟಿ ಬರೆದರೆ ಒಂದು ಭಂಡಾರದ ಚೀಟಿಗಳನ್ನು ಇನ್ನೊಂದು ಭಂಡಾರ ತಾನಾಗಿಯೇ ಕೊಯ್ದುಕೊಂಡು ಹೋಗಬಹುದು. ಈ ಏರ್ಪಾಟಿಗೆ ಕೊಯ್ಲು ಎಂದೇ ಹೆಸರು. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಬಹುಮಟ್ಟಿಗೆ ಹೀಗೆ ಬೇರೆಯವರ ಹೊಲದಲ್ಲಿ ಕೊಯ್ದ ತೆನೆಗಳಿಂದ ತುಂಬಿದ ಕಣಜ.

ಪ್ರತಿ ಕಡತಕ್ಕೂ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಜಾಲತಾಣದ ವಿಳಾಸ ಬದಲಾದರೂ ಸಂಖ್ಯೆ ಹಾಗೇ ಇರಬೇಕು ಎಂಬುದು ಉದ್ದೇಶ. ಚೀಟಿಯ 15 ಮನೆಗಳಲ್ಲಿ ‘ವಿಷಯ’ ಎಂಬುದನ್ನು ತುಂಬುವವರು ಹೆಚ್ಚಾಗಿ ದಿನಕ್ಕೆ ಇಷ್ಟು ಪುಸ್ತಕ ಎಂದು ಕೆಲಸ ಮಾಡುವವರು. ಶೀರ್ಷಿಕೆಯಲ್ಲಿ ಇದ್ದ ಪದವನ್ನೇ ವಿಷಯದಲ್ಲೂ ಹಾಕಿ ಮುಂದಕ್ಕೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಕನ್ನಡದ ಪಾಡು

2000ದ ದಶಕದ ಆರಂಭದಲ್ಲಿ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹತ್ತು ಲಕ್ಷ ಪುಸ್ತಕ’ ಯೋಜನೆಯ ಜೊತೆಗೂಡಿ, ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಕೆಲಸ ನಡೆಯಿತು. ಪ್ರೊ. ಎನ್. ಬಾಲಕೃಷ್ಣನ್ ಅದರ ಮುಂದಾಳು. ದೇಶದ ನಾನಾ ಕೇಂದ್ರಗಳಲ್ಲಿ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು, ಕನ್ನಡದವೂ ಸಾವಿರಗಟ್ಟಲೆ. ಕನ್ನಡ ಓದುಗರಿಗೆ ಇದು ನಿಧಿ ಸಿಕ್ಕ ಹಾಗೆ. ನಿಧಿಯ ನಕ್ಷೆ ಮಾತ್ರ ವಿಚಿತ್ರ. ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ರೋಮನ್ ಅಕ್ಷರಗಳಲ್ಲಿ, ತೋಚಿದ ಕಾಗುಣಿತದಲ್ಲಿ ಬರೆದಿದ್ದರು. ಹ್ರಸ್ವ ದೀರ್ಘಗಳಿಲ್ಲ, ಅಲ್ಪಪ್ರಾಣ ಮಹಾಪ್ರಾಣಗಳಿಲ್ಲ, ಲೇಖಕರ ಜಾಗದಲ್ಲಿ ಪ್ರಕಾಶಕ, ಪ್ರಕಾಶಕರ ಜಾಗದಲ್ಲಿ ಮುದ್ರಣಾಲಯ. ‘ಕಾವ್ಯ’ ಎಂಬ ಒಂದೇ ಪದ ಮೂರು ನಾಲ್ಕು ವೇಷದಲ್ಲಿ ಸಿಗುತ್ತಿತ್ತು. ಪುಟ ತೆರೆದರೆ ಓರೆಯಾದ ಹಾಳೆ, ಕೆಲವೊಮ್ಮೆ ಹಾಳೆ ಒತ್ತಿಹಿಡಿದವರ ಹೆಬ್ಬೆರಳು.

ಇದನ್ನು ಸರಿಮಾಡಲು ಹೊರಟದ್ದು ಸಂಬಳ ಇಲ್ಲದವರು. ಬೆಂಗಳೂರಿನ ‘ಸಂಚಯ’ ಬಳಗ ‘ಪುಸ್ತಕ ಸಂಚಯ’ ಎಂಬ ತಾಣ ಮಾಡಿ, ಈ ಭಂಡಾರದ ಮತ್ತು ಉಸ್ಮಾನಿಯ ವಿಶ್ವವಿದ್ಯಾಲಯದ ಭಂಡಾರದ ಕನ್ನಡ ಪುಸ್ತಕಗಳ ಹೆಸರುಗಳನ್ನು ಸಮೂಹದ ಕೈಯಲ್ಲಿ ಕನ್ನಡ ಲಿಪಿಗೆ ತಿರುಗಿಸಿತು. ಮನೆಗಳಲ್ಲಿ, ಕಚೇರಿಯ ಬಿಡುವಿನಲ್ಲಿ ಕೂತವರು ಒಂದೊಂದೇ ಶೀರ್ಷಿಕೆಯನ್ನು ಓದಿ ತಿದ್ದಿದರು. ಅಲ್ಲಿಗೆ ಕನ್ನಡ ಪುಸ್ತಕವನ್ನು ಕನ್ನಡದಲ್ಲಿ ಹುಡುಕುವುದು ಸಾಧ್ಯವಾಯಿತು. ಮೂಲ ಭಂಡಾರ ಮುಂದೆ ಮುಚ್ಚಿತು. ಪುಸ್ತಕಗಳ ಪ್ರತಿಗಳು ಅಮೆರಿಕದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಹಕ್ಕಿನ ಪ್ರಶ್ನೆಯೂ ಈ ಕೆಲಸದ ಬೆನ್ನಿಗಿತ್ತು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಕೃತಿಗಳು 2007ರಿಂದ ಎಲ್ಲರ ಸೊತ್ತು. 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೂ ಅಲ್ಲ.

ಇನ್ನೊಂದು ತೊಡಕು ಅಕ್ಷರದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತದಲ್ಲಿ ಟೈಪಿಸಿದ ಕನ್ನಡ ಪಿಡಿಎಫ್‌ಗಳು ಕಣ್ಣಿಗೆ ಮುದ್ದಾಗಿ ಕಾಣುತ್ತವೆ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಸಿಗುವುದು ಡಾಲರ್ ಚಿಹ್ನೆ, ತಲೆಕೆಳಗಾದ ಪ್ರಶ್ನೆಚಿಹ್ನೆ, ಯುರೋಪಿನ ಯಾವುದೋ ಭಾಷೆಯ ಒಂದಷ್ಟು ಅಕ್ಷರ. ಗಣಕಕ್ಕೆ ಅದು ಕನ್ನಡವೇ ಅಲ್ಲ. ಪ್ರಬಂಧಕ್ಕೆ ಲಗತ್ತಿಸಿದ ಕನ್ನಡ ಸಾರಾಂಶವೋ ರೈತರ ಕೈಪಿಡಿಯೋ ಇಂಥ ಸಂಕೇತದಲ್ಲಿದ್ದರೆ ಅದು ಭಂಡಾರದಲ್ಲಿದ್ದೂ ಇಲ್ಲದ ಹಾಗೆ. ಸ್ಕ್ಯಾನ್ ಆದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ, ಅರ್ಕಾವೊತ್ತು ಸುಲಭದ ತುತ್ತಲ್ಲ. ವಿಜ್ಞಾನ ಸಂಸ್ಥೆಯಲ್ಲೇ ಎ. ಜಿ. ರಾಮಕೃಷ್ಣನ್ ಅವರ ತಂಡ ಇದಕ್ಕಾಗಿ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶ ರೂಪಿಸಿತು.

ವಿಡಿಯೊಗಳು

ಪಾಠವನ್ನು ಚಿತ್ರೀಕರಿಸಿ ದೂರದವರಿಗೆ ಕಳಿಸುವ ಆಸೆ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳೂ ಇದ್ದವು. ಬೇಸಾಯದ ಕಾರ್ಯಕ್ರಮಗಳು ಕನ್ನಡದಲ್ಲಿ ಬಂದವು. 1984ರಲ್ಲಿ ಅನುದಾನ ಆಯೋಗದ ‘ಕಂಟ್ರಿವೈಡ್ ಕ್ಲಾಸ್‌ರೂಂ’ ದೂರದರ್ಶನದಲ್ಲಿ ಶುರುವಾಯಿತು. 2004ರ ಎಜುಸ್ಯಾಟ್ ಉಪಗ್ರಹದ ಪ್ರಯೋಗದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಇವೆಲ್ಲ ಬಿತ್ತರವಾಗಿ ಆರಿಹೋಗುವಂಥವು. ಆ ಹೊತ್ತಿಗೆ ಟಿವಿ ಮುಂದೆ ಇಲ್ಲದವರಿಗೆ ಇಲ್ಲ.

ಕೂಡಿಡುವ ವಿಡಿಯೊ ಬಂದದ್ದು 2003ರಲ್ಲಿ ಆರಂಭವಾದ ಎನ್‌ಪಿಟೆಲ್ ಮೂಲಕ. ಏಳು ಐಐಟಿಗಳೂ ವಿಜ್ಞಾನ ಸಂಸ್ಥೆಯೂ ಸೇರಿ ಎಂಜಿನಿಯರಿಂಗ್ ಪಾಠಗಳನ್ನು ನಲವತ್ತು ನಲವತ್ತು ಉಪನ್ಯಾಸಗಳ ಮಾಲೆಯಾಗಿ ಚಿತ್ರೀಕರಿಸಿದವು. ತುಮಕೂರಿನದೋ ಹಾಸನದ್ದೋ ಕಾಲೇಜಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿಕೊಂಡು ಓದಿದವರ ಒಂದು ತಲೆಮಾರೇ ಇದೆ. ಶಿವಕೋಟೆಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ ವಿಡಿಯೊಗಳ ಗುಣ ಬೇರೆ. ಅಲ್ಲಿ ಸ್ಟುಡಿಯೊ ಇಲ್ಲ. ರಾಮಾನುಜನ್ ಸಭಾಂಗಣದ ಕಪ್ಪು ಹಲಗೆಯ ಮುಂದೆ ಯಾರೋ ಸೀಮೆಸುಣ್ಣ ಹಿಡಿದು ಬರೆಯುತ್ತಾರೆ, ಅಳಿಸುತ್ತಾರೆ, ಮುಂದಿನ ಸಾಲಿನಿಂದ ಒಬ್ಬರು ತಡೆದು ಕೇಳುತ್ತಾರೆ, ಬರೆದ ಸಮೀಕರಣದಲ್ಲಿ ಒಂದು ಋಣಚಿಹ್ನೆ ತಪ್ಪಿರುವುದು ಗೊತ್ತಾಗುತ್ತದೆ. ಪುಸ್ತಕದಲ್ಲಿ ಎಂದೂ ಅಚ್ಚಾಗದ ಈ ಎಡವಟ್ಟೇ ಕಲಿಯುವವನಿಗೆ ಧೈರ್ಯ ಕೊಡುತ್ತದೆ. ಅದೇ ಕೇಂದ್ರದ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಸಾರ್ವಜನಿಕ ಉಪನ್ಯಾಸಗಳು ಮಾಮೂಲಿ ಕುತೂಹಲಿಗಳಿಗೆ.

ಕೃಷಿಯ ವಿಡಿಯೊಗಳದು ಮೂರನೆಯ ಬಗೆ. ಜಿಕೆವಿಕೆಯಲ್ಲಿ ವರ್ಷಕ್ಕೊಮ್ಮೆ ಹೆಚ್ಚಾಗಿ ನವೆಂಬರಿನಲ್ಲಿ ಕೃಷಿ ಮೇಳ ನಡೆಯುತ್ತದೆ, ಹೊಸ ತಳಿಗಳನ್ನು ಆಗ ತೋರಿಸುತ್ತಾರೆ. ಹಾಡೋನಹಳ್ಳಿಯಂಥ ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರು ಹೊಲದಲ್ಲೇ ನಿಂತು ಕನ್ನಡದಲ್ಲಿ ಮಾತಾಡುತ್ತಾರೆ. ಗಾಳಿಯ ಸದ್ದು, ಹಿಂದೆ ಟ್ರ್ಯಾಕ್ಟರ್. ಗುಣಿ ರಾಗಿಯ ಪೈರನ್ನು ಎಷ್ಟು ಅಂತರದಲ್ಲಿ ನೆಡಬೇಕು ಎಂಬುದನ್ನು ಕೈಪಿಡಿಯ ಎರಡು ಸಾಲಿಗಿಂತ ಹೊಲದಲ್ಲಿ ಹಗ್ಗ ಹಿಡಿದು ತೋರಿಸಿದ ಎರಡು ನಿಮಿಷ ಚೆನ್ನಾಗಿ ಹೇಳುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿ, ವಿಡಿಯೊ ಕನ್ನಡದಲ್ಲಿ. ಎರಡರ ನಡುವೆ ಕೊಂಡಿ ಇಲ್ಲದಿರುವುದು ಈ ಭಂಡಾರಗಳ ದೊಡ್ಡ ಕೊರತೆ: ವಿಡಿಯೊದ ಕೆಳಗೆ ಪ್ರಬಂಧದ ಗುರುತಿನ ಸಂಖ್ಯೆ ಬರೆಯುವುದು ವಾಡಿಕೆಯಾಗಿಲ್ಲ. ಮೇಲಾಗಿ ಒಂದು ಗಂಟೆಯ ವಿಡಿಯೊದಲ್ಲಿ ಬೇಕಾದ ಮಾತು ಎಷ್ಟನೆಯ ನಿಮಿಷದಲ್ಲಿದೆ ಎಂದು ಹೇಳುವ ಪರಿವಿಡಿ ಸಾಮಾನ್ಯವಾಗಿ ಇರುವುದಿಲ್ಲ.

ಕಾಗದಪತ್ರಗಳು

ಜೀವವಿಜ್ಞಾನ ಕೇಂದ್ರದ ದಾಖಲೆ ಭಂಡಾರ 2019ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಮಕಾಲೀನ ಜೀವವಿಜ್ಞಾನದ ಚರಿತ್ರೆ ಅದರ ವಿಷಯ: ಪ್ರಯೋಗಾಲಯದ ಟಿಪ್ಪಣಿ ಪುಸ್ತಕ, ಪತ್ರ, ಫೋಟೊ, ಧ್ವನಿಮುದ್ರಿತ ಸಂದರ್ಶನ. ಪ್ರಕಟವಾದ ಲೇಖನದಲ್ಲಿ ಗೆದ್ದ ಪ್ರಯೋಗ ಮಾತ್ರ ಇರುತ್ತದೆ. ಸೋತದ್ದು ಟಿಪ್ಪಣಿ ಪುಸ್ತಕದಲ್ಲಿರುತ್ತದೆ.

ಹುಡುಕುವ ಬಗೆ

2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ಒದಗಿಸುತ್ತದೆ. ಅದಕ್ಕಿಟ್ಟ ಹಣ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸಂಸ್ಥೆಯ ಹೊರಗಿರುವ ರೈತ, ನಿವೃತ್ತ ಮೇಷ್ಟ್ರು, ಪತ್ರಕರ್ತ ಇದರೊಳಗೆ ಬರುವುದಿಲ್ಲ. ಅಂಥವರಿಗೆ ಮೇಲೆ ಹೇಳಿದ ಮುಕ್ತ ಭಂಡಾರಗಳೇ ಗತಿ.

ಬೆಳೆಯ ವಿಷಯವಾದರೆ ಮೊದಲು ಲ್ಯಾಟಿನ್ ಹೆಸರು, ಅದರ ಹಳೆಯ ರೂಪ, ಆಮೇಲೆ ಇಂಗ್ಲಿಷ್ ಹೆಸರು, ಕೊನೆಗೆ ಕನ್ನಡ ಹೆಸರನ್ನು ರೋಮನ್ನಿನಲ್ಲಿ ಎರಡು ಮೂರು ಕಾಗುಣಿತಗಳಲ್ಲಿ ಬರೆದು ಹುಡುಕುವುದು ಅನುಭವಿಗಳ ಕ್ರಮ. ಊರಿನ ಹೆಸರಿಗೂ ಹಾಗೆಯೇ: ಬೆಂಗಳೂರಿಗೆ ಎರಡು ಕಾಗುಣಿತ, ಶಿವಮೊಗ್ಗಕ್ಕೆ ಎರಡು, ಕಲಬುರಗಿಗೆ ಎರಡು ಹೆಸರೇ. 1986ಕ್ಕಿಂತ ಹಿಂದಿನ ಕೃಷಿ ಪ್ರಬಂಧವಾದರೆ ಕಾಲೇಜಿನ ಊರು ಯಾವುದಾದರೂ ಬೆಂಗಳೂರಿನ ಹೆಸರಿನಲ್ಲಿ ನೋಡಬೇಕು.

ಅಷ್ಟಾದರೂ ಕೆಲವಕ್ಕೆ ಜಿಕೆವಿಕೆಯ ಗ್ರಂಥಾಲಯಕ್ಕೇ ಹೋಗಬೇಕಾಗುತ್ತದೆ. ಹಳೆಯ ಪ್ರಬಂಧಗಳ ಕೊನೆಯಲ್ಲಿ ನಾಲ್ಕು ಮಡಿಕೆಯಾಗಿ ಸೇರಿಸಿದ ಜಮೀನಿನ ನಕ್ಷೆಗಳಿರುತ್ತವೆ. ಸ್ಕ್ಯಾನ್ ಮಾಡುವವರು ಆತುರದಲ್ಲಿದ್ದರೆ ಅದನ್ನು ಬಿಚ್ಚದೆ ಮಡಿಚಿದ ಹಾಗೆಯೇ ಚಿತ್ರ ತೆಗೆದಿರುತ್ತಾರೆ. ಪಿಡಿಎಫ್‌ನಲ್ಲಿ ಕಾಣುವುದು ನಕ್ಷೆಯ ಬೆನ್ನು, ಒಂದು ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಬಾಣದ ತುದಿ. ಹೊಲ ಪೂರ್ತಿ ಕಾಣಬೇಕಾದರೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಆ ಹಾಳೆಯನ್ನು ನಿಧಾನವಾಗಿ, ಮಡಿಕೆ ಹರಿಯದ ಹಾಗೆ ಬಿಚ್ಚಬೇಕು.